ಹತ್ತು ಸೆಂಟಿಮೀಟರ್ ಸ್ಪೀಡು, ಎಂಟು ನಿಮಿಷದ ಯಡವಟ್ಟು

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಮೊದ್ಲು ಸ್ಮಾರ್ಟ್ ಡಸ್ಟ್‌ಬಿನ್ ಆಗಿತ್ತು. ನಗಬೇಡಿ, ಆ ವರ್ಷ ನಮ್ಮ ಇ ಅಂಡ್ ಸಿ ಕ್ಲಾಸಲ್ಲೇ ಮೂರು ಬ್ಯಾಚಿನೋರು ಅದನ್ನೇ ಬರ್ಕೊಟ್ಟಿದ್ರು, ಗೈಡ್ ಮೇಡಂ ಲಿಸ್ಟ್ ನೋಡಿ "ದಾವಣಗೆರೆ ಕಸ ಎಲ್ಲಾ ನೀವೇ ಎತ್ತಿಬಿಡ್ರಪ್ಪ" ಅಂದಿದ್ರು. ನಾವು ನಾಲ್ಕು ಜನ. ನಾನು ನಿಟ್ಟುವಳ್ಳಿಯೋಳು, ಒಬ್ಬ ಹರಿಹರದೋನು, ಒಬ್ಬ ಹೊಳಲ್ಕೆರೆಯೋನು, ಇನ್ನೊಬ್ಳು ಚಳ್ಳಕೆರೆಯೋಳು. ಕಾಲೇಜಲ್ಲಿ ಊರಿನ ಹೆಸರಲ್ಲೇ ಕರ್ಕೊಂತಿದ್ವಿ, ಇಲ್ಲೂ ಹಂಗೇ ಬರೀತೀನಿ.

ಅದು 2023ರ ಆಗಸ್ಟು. ಚಂದ್ರಯಾನ-3 ಇಳಿಯೋಕೆ ಎರಡು ದಿನ ಮುಂಚೆ, 21ನೇ ತಾರೀಕು, ಇಸ್ರೋದೋರು ಒಂದು ಪೋಸ್ಟ್ ಹಾಕಿದ್ರು. 2019ರಿಂದ ಚಂದ್ರನ ಸುತ್ತ ತಿರುಗ್ತಾ ಇರೋ ಚಂದ್ರಯಾನ-2ರ ಆರ್ಬಿಟರ್ರು ಹೊಸ ಲ್ಯಾಂಡರ್‌ಗೆ ‘ವೆಲ್ಕಮ್ ಬಡ್ಡಿ’ ಅಂತ ಹೇಳ್ತು, ಎರಡರ ಮಧ್ಯ ಮಾತುಕತೆ ಶುರುವಾಯ್ತು ಅಂತ. ಹೊಳಲ್ಕೆರೆಯೋನು ಕ್ಯಾಂಟೀನಲ್ಲಿ ಅದನ್ನ ಜೋರಾಗಿ ಓದಿ "ನೋಡ್ರಲೇ, 2019ರಾಗೆ ಹಾಕಿದ್ದು ಅಸಲು, ಈಗ ಬಡ್ಡಿ ಬರಾಕತ್ತೈತಿ" ಅಂದ. ಎಲ್ಲರೂ ನಕ್ಕ್ವಿ. ಚಳ್ಳಕೆರೆಯೋಳು ಮಾತ್ರ ನಗಲಿಲ್ಲ. ಅವ್ಳ ಊರ ಹತ್ರ ಉಳ್ಳಾರ್ತಿ ಕಾವಲಲ್ಲಿ ಇಸ್ರೋದೋರು ಚಂದ್ರನ ಮೇಲಿನ ತರ ಗುಂಡಿ ತೋಡಿ ಲ್ಯಾಂಡರ್ ಸೆನ್ಸರ್ ಟೆಸ್ಟ್ ಮಾಡಿದ್ರಲ್ಲ, ಅದ್ರಿಂದಾಗಿ ಅವ್ಳು ತನ್ನನ್ನ ತಾನು ಅರ್ಧ ಇಸ್ರೋ ಅಂದ್ಕೊಂಡಿದ್ಳು. ಅವ್ಳು ಕೇಳಿದ್ದು ಇಷ್ಟೇ: "ಆರ್ಬಿಟರ್ ಎರಡು ತಾಸಿಗೊಂದು ಸುತ್ತು ಹಾಕುತ್ತೆ. ಲ್ಯಾಂಡರ್ ಇಳಿಯೋ ಟೈಮಿಗೆ ಅದು ಚಂದ್ರನ ಆ ಕಡೆ ಇದ್ರೆ ಏನ್ ಮಾಡ್ತಾರೆ?"

ಯಾರಿಗೂ ಗೊತ್ತಿರ್ಲಿಲ್ಲ. ಚಂದ್ರಯಾನ-3ಕ್ಕೆ ಅದು ಅಂಥಾ ತಲೆಬಿಸಿ ಅಲ್ಲ, ವಿಕ್ರಮ್ ಲ್ಯಾಂಡರ್ ನೇರ ಬೆಂಗಳೂರು ಹತ್ರದ ಬ್ಯಾಲಾಳು ಆಂಟೆನಾ ಜೊತೆನೇ ಮಾತಾಡ್ತಿತ್ತು, ಹಳೇ ಆರ್ಬಿಟರ್ ಸ್ಟೆಪ್ನಿ ಟೈರ್ ಇದ್ದಂಗೆ ಇತ್ತು ಅಷ್ಟೆ. ಆದ್ರೆ ಮಂಗಳದಲ್ಲಿ ಹಂಗಲ್ಲ. ಅಲ್ಲಿ ಇಳಿಯೋ ಗಾಡಿಗೆ ಕರೆಂಟು ಕಮ್ಮಿ, ಆಂಟೆನಾ ಸಣ್ಣದು, ಭೂಮಿ ಕೋಟ್ಯಂತರ ಕಿಲೋಮೀಟರ್ ದೂರ. ಅದಕ್ಕೆ ಮೇಲೆ ಸುತ್ತೋ ಆರ್ಬಿಟರ್‌ಗೆ ಯುಎಚ್‌ಎಫ್ ರೇಡಿಯೋದಲ್ಲಿ ಡೇಟಾ ಎಸೆದುಬಿಡುತ್ತೆ, 400 ಮೆಗಾಹರ್ಟ್ಸ್ ಆಸುಪಾಸು, ಆರ್ಬಿಟರ್ ಅದನ್ನ ತನ್ನ ದೊಡ್ಡ ಡಿಶ್‌ನಿಂದ ಭೂಮಿಗೆ ಕಳಿಸುತ್ತೆ. ಎಂಆರ್‌ಒ ಅಂತ ಕರೆಯೋ ಮಾರ್ಸ್ ರಿಕಾನಸೆನ್ಸ್ ಆರ್ಬಿಟರ್‌ದು 3 ಮೀಟರ್ ಡಿಶ್ಶು. ರೋವರ್‌ಗಳು ನೇರ ಭೂಮಿಗೆ ಕಳಿಸಿದ್ರೆ ಸೆಕೆಂಡಿಗೆ ಕೆಲವು ನೂರು, ಹೆಚ್ಚಂದ್ರೆ ಕೆಲವು ಸಾವಿರ ಬಿಟ್, ಆರ್ಬಿಟರ್ ಮೂಲಕ ಆದ್ರೆ 20 ಲಕ್ಷ ಬಿಟ್ ತನಕ ಹೋಗುತ್ತೆ. ಇಳಿಯೋ ಆ ಆರೇಳು ನಿಮಿಷದಲ್ಲಂತೂ ಮೇಲೆ ಯಾರಾದ್ರೂ ಕೇಳಿಸ್ಕೊಳ್ಳೋಕೆ ಇರ್ಲೇಬೇಕು, ಗಾಡಿ ಒಡೆದು ಹೋದ್ರೆ ಯಾಕೆ ಒಡೀತು ಅಂತ ಗೊತ್ತಾಗೋದೇ ಅದ್ರಿಂದ.

ಹಂಗೆ ನಮ್ಮ ಪ್ರಾಜೆಕ್ಟ್ ಟೈಟಲ್ ಬದಲಾಯ್ತು. ಮಂಗಳದ ಸುತ್ತ ಇರೋ ಒಂದು ಆರ್ಬಿಟರ್‌ನ ಲ್ಯಾಂಡರ್ ಇಳಿಯೋ ಕ್ಷಣಕ್ಕೆ ಸರಿಯಾಗಿ ತಲೆ ಮೇಲೆ ತರೋದು, ಕಂಪ್ಯೂಟರಲ್ಲಿ. ಮೇಡಂ ಕೇಳಿದ್ದು ಒಂದೇ ಮಾತು, "ಹಾರ್ಡ್‌ವೇರ್ ಏನೂ ಇಲ್ವಲ್ರೋ, ಎಕ್ಸ್‌ಟರ್ನಲ್ ಬಂದ್ರೆ ಏನ್ ತೋರಿಸ್ತೀರಿ?" ಅದಕ್ಕೆ ಆಮೇಲೆ ಬರ್ತೀನಿ.

ಸಾಫ್ಟ್‌ವೇರ್ ಜಿಮ್ಯಾಟ್ ಅಂತ, ಕಕ್ಷೆ ಲೆಕ್ಕ ಹಾಕೋದು, ನಾಸಾದೇ, ಫ್ರೀ. ಉದಾಹರಣೆಗೆ ಇನ್‌ಸೈಟ್ ಲ್ಯಾಂಡರ್ ತಗೊಂಡ್ವಿ. 2018ರ ನವೆಂಬರ್ 26ಕ್ಕೆ ಇಳಿದಿದ್ದು, ಜಾಗ ಎಲಿಸಿಯಂ ಪ್ಲಾನಿಷಿಯಾ, ಇಳಿದ ಟೈಮು ಯುಟಿಸಿ ಅನ್ನೋ ಜಗತ್ತಿಗೆಲ್ಲಾ ಒಂದೇ ಗಡಿಯಾರದ ಲೆಕ್ಕದಲ್ಲಿ 19:52:59, ನಮ್ಮ ಲೆಕ್ಕದಲ್ಲಿ ರಾತ್ರಿ ಒಂದೂ ಕಾಲು ದಾಟಿ. ಈ ಟೈಮ್ ನೆನಪಿಟ್ಕೊಳ್ಳಿ. ಇನ್‌ಸೈಟ್‌ಗೆ ನಿಜವಾಗಿ ಲೈವ್ ರಿಲೇ ಮಾಡಿದ್ದು ಅದ್ರ ಜೊತೆನೇ ಹೋಗಿದ್ದ ಮಾರ್ಕೋ ಅನ್ನೋ ಎರಡು ಬ್ರೀಫ್‌ಕೇಸ್ ಸೈಜಿನ ಪುಟಾಣಿಗಳು, ಎಂಆರ್‌ಒ ಮೇಲಿಂದ ರೆಕಾರ್ಡ್ ಮಾಡ್ಕೊಂತು. ನಾವು ಎಂಆರ್‌ಒ ತರದ್ದೇ ಒಂದು ಕಾಲ್ಪನಿಕ ಆರ್ಬಿಟರ್ ಮಾಡಿದ್ವಿ, ಸುಮಾರು 290 ಕಿ.ಮೀ. ಎತ್ತರ, ಸೆಕೆಂಡಿಗೆ 3.4 ಕಿ.ಮೀ. ಓಟ, ಒಂದು ಸುತ್ತಿಗೆ 112 ನಿಮಿಷ ಚಿಲ್ಲರೆ. ಅದನ್ನ 60 ದಿನ ಮುಂಚಿನಿಂದ ಓಡಿಸಿದ್ವಿ. ಕೊನೇ ದಿನ ಲ್ಯಾಂಡರ್ ಜಾಗದ ಮೇಲೆ ಹಾದುಹೋಗೋ ಟೈಮ್ ನೋಡಿದ್ರೆ 19:45:23. ಅಂದ್ರೆ ಇನ್‌ಸೈಟ್ ಇಳಿಯೋದಕ್ಕಿಂತ 7 ನಿಮಿಷ 36 ಸೆಕೆಂಡ್ ಮುಂಚೆನೇ ದಾಟಿ ಹೋಗಿತ್ತು.

ಏಳೂವರೆ ನಿಮಿಷ ಏನ್ ಮಹಾ ಅನ್ನಿಸ್ತು ನಂಗೂ. ಹರಿಹರದೋನು ಲೆಕ್ಕ ಹಾಕಿ ತೋರಿಸ್ದ. ಅಷ್ಟು ಕೆಳಗೆ ಸುತ್ತೋ ಆರ್ಬಿಟರ್ ನೆಲದ ಮೇಲಿನ ಒಂದು ಜಾಗಕ್ಕೆ ಒಂದು ಅಂಚಿಂದ ಇನ್ನೊಂದು ಅಂಚಿನ ತನಕ ಕಾಣೋದೇ ಹದಿನಾಲ್ಕು ನಿಮಿಷ. ಗುಡ್ಡ ದಿಬ್ಬ ಅಡ್ಡ ಬರುತ್ತೆ ಅಂತ ಹತ್ತು ಡಿಗ್ರಿ ಬಿಟ್ರೆ ಒಂಬತ್ತು ನಿಮಿಷ. ಏಳೂವರೆ ನಿಮಿಷ ಮುಂಚೆ ದಾಟಿದೆ ಅಂದ್ರೆ ಆಗ್ಲೇ ಮುಳುಗಿ ಹೋಗಿದೆ ಅಂತ ಅರ್ಥ. ಮುಂದಿನ ಸುತ್ತಿಗೆ ನೋಡೋಣ ಅಂದ್ರೆ ಅಷ್ಟರಲ್ಲಿ ಮಂಗಳ ಕೆಳಗೆ 27 ಡಿಗ್ರಿ ತಿರುಗಿರುತ್ತೆ, ಸಾವಿರದ ಆರ್ನೂರು ಕಿಲೋಮೀಟರ್ ಪಕ್ಕದಲ್ಲಿ ಹೋಗುತ್ತೆ. ಅಶೋಕ ಟಾಕೀಸ್ ಹತ್ರ ರೈಲ್ವೆ ಗೇಟ್ ಬಿದ್ರೆ ಗೊತ್ತಲ್ಲ, ಒಂದು ನಿಮಿಷ ಮುಂಚೆ ಬಂದಿದ್ರೆ ದಾಟಿರ್ತಿದ್ವಿ ಅಂತ, ಹಂಗೆ. ವ್ಯತ್ಯಾಸ ಏನಂದ್ರೆ ಇಲ್ಲಿ ಗೇಟ್ ತೆಗೆಯೋದೇ ಇಲ್ಲ.

ಇಲ್ಲಿಂದ ನಮ್ಮಪ್ಪಾಜಿ ಕಥೆ. ಅಪ್ಪಾಜಿ ಪ್ರೈವೇಟ್ ಬಸ್ ಸ್ಟ್ಯಾಂಡಲ್ಲಿ ಟೈಂ ಕೀಪರ್ ಆಗಿದ್ದೋರು, ಎರಡು ನಿಮಿಷದ ಟೈಮಿಂಗಿಗೆ ಡ್ರೈವರ್‌ಗಳು ಕೊರಳಪಟ್ಟಿ ಹಿಡ್ಕೊಳ್ಳೋದನ್ನ ಮೂವತ್ತು ವರ್ಷ ನೋಡಿದೋರು. ಊಟಕ್ಕೆ ಕೂತಾಗ ಹೇಳ್ದೆ, ಹಿಂಗಿಂಗೆ, ಏಳೂವರೆ ನಿಮಿಷ ಲೇಟ್ ಮಾಡ್ಬೇಕು, ಹೆಂಗೆ ಅಂತ. ಅವ್ರು ರೊಟ್ಟಿ ಮುರೀತಾ "ಇಲ್ಲಿ ಬಂದು ಬ್ರೇಕ್ ಹೊಡೆದ್ರೆ ಆಗಲ್ಲವ್ವಾ, ಹಿಂದಿನ ಬಸ್ಸಿನೋನು ಬಾಯಿಗೆ ಬಂದಂಗೆ ಬೈತಾನೆ. ದುರ್ಗ ಬಿಟ್ಟಾಗ್ಲಿಂದಾನೇ ಸ್ಟಾಪಿಗೊಂದಿಷ್ಟು ಇಷ್ಟಿಷ್ಟೇ ನಿಧಾನ ಮಾಡ್ಕೊಂಡು ಬರ್ಬೇಕು. ಯಾರಿಗೂ ಗೊತ್ತೂ ಆಗಲ್ಲ" ಅಂದ್ರು.

ನಂಬ್ತೀರೋ ಬಿಡ್ತೀರೋ, ನಾಸಾದೋರು ಮಾಡೋದೂ ಇದನ್ನೇ. ಕೊನೇ ದಿನ ಜೋರಾಗಿ ತಳ್ಳಲ್ಲ, ವಾರಗಟ್ಟಲೆ ತಿಂಗಳುಗಟ್ಟಲೆ ಮುಂಚೆ ಥ್ರಸ್ಟರ್‌ನ ಒಂದು ಚೂರು ಉರಿಸಿ ಬಿಡ್ತಾರೆ. ಸುತ್ತಿನ ಟೈಮು ಒಂದು ಸೆಕೆಂಡಿಗಿಂತ ಕಮ್ಮಿ ಬದಲಾಗುತ್ತೆ, ಆದ್ರೆ ದಿನಕ್ಕೆ ಹನ್ನೆರಡು ಹದಿಮೂರು ಸುತ್ತಲ್ಲ, ಕೂಡ್ತಾ ಕೂಡ್ತಾ ನಿಮಿಷಗಳಾಗುತ್ತೆ. ಲೆಕ್ಕ ಕೇಳಿದ್ರೆ ಖುಷಿ ಆಗುತ್ತೆ, ಅದಕ್ಕೆ ಪೂರ್ತಿ ಹೇಳ್ತೀನಿ. ಸ್ಪೀಡನ್ನ ಸೆಕೆಂಡಿಗೆ 10 ಸೆಂಟಿಮೀಟರ್ ಬದಲಾಯಿಸಿದ್ರೆ, 3.4 ಕಿ.ಮೀ. ಮುಂದೆ ಹತ್ತು ಸೆಂಟಿಮೀಟರ್, ಇರುವೆ ನಡೆಗೆ ಇನ್ನೊಂಚೂರು ಸೇರಿಸಿದಂಗೆ, ಕಕ್ಷೆ ಸರಾಸರಿ ಇನ್ನೂರು ಮೀಟರ್ ಚಿಲ್ಲರೆ ಮೇಲೆ ಕೆಳಗೆ ಆಗುತ್ತೆ, ಒಂದು ಸುತ್ತಿಗೆ 0.6 ಸೆಕೆಂಡ್ ವ್ಯತ್ಯಾಸ. ಅರವತ್ತು ದಿನಕ್ಕೆ 766 ಸುತ್ತು. ಗುಣಿಸಿ ನೋಡಿ, ಏಳೂವರೆ ನಿಮಿಷ! ಅದೇ ಕೆಲಸ ಕೊನೇ ದಿನ ಮಾಡೋಕೆ ಹೋದ್ರೆ ಅರವತ್ತು ಪಟ್ಟು, ಸೆಕೆಂಡಿಗೆ 6 ಮೀಟರ್ ಬೇಕು. ಇಂಧನ ಅನ್ನೋದು ಅಲ್ಲಿ ಬಂಕಿಗೆ ಹೋಗಿ ಹಾಕ್ಸೋದಲ್ಲ, ಎಂಆರ್‌ಒ 2005ರಲ್ಲಿ ತುಂಬ್ಕೊಂಡು ಹೋಗಿದ್ದನ್ನೇ ಇನ್ನೂ ಬಳಸ್ತಾ ಐತಿ.

ಇಷ್ಟು ಗೊತ್ತಾದ್ಮೇಲೆ ಏನ್ ಕಷ್ಟ ಅಂತ ಹೊಳಲ್ಕೆರೆಯೋನು ಜಿಮ್ಯಾಟಲ್ಲಿ 0.1 ಅಂತ ಹೊಡ್ದ. ಬ್ರೇಕ್ ಹಾಕೋ ದಿಕ್ಕಿಗೆ, ಮೈನಸ್. ಲೇಟ್ ಆಗ್ಬೇಕಲ್ಲ, ನಿಧಾನ ಮಾಡ್ಬೇಕು ತಾನೇ. ರನ್ ಒತ್ತಿ ಟೀ ಕುಡಿಯೋಕೆ ಹೋಗಿ ಬಂದು ನೋಡಿದ್ರೆ ನಮ್ಮ ಆರ್ಬಿಟರ್ ಮಂಗಳದ ನೆಲದೊಳಗೆ ಹೊಕ್ಕು ಆ ಕಡೆಯಿಂದ ಹೊರಗೆ ಬಂದು ಮತ್ತೆ ಒಳಗೆ ಹೋಗ್ತಾ, ಆರಾಮಾಗಿ ಸುತ್ತುತಾ ಇದೆ. ಡಿಕ್ಕಿ ಹೊಡೆದ್ರೆ ನಿಲ್ಲು ಅಂತ ನಾವು ಹೇಳಿರ್ಲಿಲ್ಲ, ಅದು ನಿಂತಿರ್ಲಿಲ್ಲ. ಆಮೇಲೆ ಗೊತ್ತಾಯ್ತು, ಆ ಡಬ್ಬಿಯಲ್ಲಿ ಯೂನಿಟ್ಟು ಮೀಟರ್ ಅಲ್ಲ, ಕಿಲೋಮೀಟರ್. ಹತ್ತು ಸೆಂಟಿಮೀಟರ್ ಅಂದ್ಕೊಂಡು ನೂರು ಮೀಟರ್ ಬ್ರೇಕ್ ಹೊಡೆದಿದ್ದ ಪುಣ್ಯಾತ್ಮ. ಕಕ್ಷೆಯ ಕೆಳ ತುದಿ ನಾನ್ನೂರು ಕಿಲೋಮೀಟರ್‌ಗಿಂತ ಜಾಸ್ತಿ ಇಳಿದಿತ್ತು, ಇದ್ದಿದ್ದೇ 290.

ಬೈಯೋಕೆ ಶುರು ಮಾಡಿದ್ವಿ, ಆದ್ರೆ ಚಳ್ಳಕೆರೆಯೋಳು 1999ರ ಕಥೆ ತೆಗೆದ್ಳು. ಮಾರ್ಸ್ ಕ್ಲೈಮೇಟ್ ಆರ್ಬಿಟರ್. ಒಂದು ಕಡೆಯೋರು ಪೌಂಡ್ ಲೆಕ್ಕದಲ್ಲಿ ಕೊಟ್ಟಿದ್ದನ್ನ ಇನ್ನೊಂದು ಕಡೆಯೋರು ನ್ಯೂಟನ್ ಲೆಕ್ಕ ಅಂದ್ಕೊಂಡು ಸೆಪ್ಟೆಂಬರ್ 23ಕ್ಕೆ ಅದು ಮಂಗಳಕ್ಕೆ ತೀರಾ ಹತ್ರ ಹೋಗಿ ನಾಶ ಆಗಿದ್ದು ಎಲ್ಲರಿಗೂ ಗೊತ್ತಿರೋದೇ. ಆದ್ರೆ ಆ ಆರ್ಬಿಟರ್‌ಗೆ ಇನ್ನೊಂದು ಕೆಲಸನೂ ಇತ್ತು, ಆ ವರ್ಷ ಡಿಸೆಂಬರಲ್ಲಿ ಇಳಿಯೋ ಮಾರ್ಸ್ ಪೋಲಾರ್ ಲ್ಯಾಂಡರ್‌ಗೆ ರಿಲೇ ಆಗೋದು. ಡಿಸೆಂಬರ್ 3ಕ್ಕೆ ಲ್ಯಾಂಡರೂ ಹೋಯ್ತು. ಇಳಿಯೋವಾಗ ಅದು ಯಾರಿಗೂ ಏನೂ ಹೇಳದೇ ಹೋಯ್ತು, ಇಳಿಯೋ ಹೊತ್ತಿನ ಡೇಟಾ ಕಳಿಸೋ ವ್ಯವಸ್ಥೆನೇ ಇರ್ಲಿಲ್ಲ. ಅಲ್ಲಿಂದ ಆಚೆಗೆ ನಾಸಾದೋರು ಇಳಿಯೋ ಟೈಮಲ್ಲಿ ಯಾರಾದ್ರೂ ಕೇಳಿಸ್ಕೊಂತಾ ಇರ್ಲೇಬೇಕು ಅಂತ ಹಠ ಹಿಡಿದ್ರು. ನಮ್ಮ ಪ್ರಾಜೆಕ್ಟಿನ ಅರ್ಧ ಇಂಟ್ರೊಡಕ್ಷನ್ನು ಹೊಳಲ್ಕೆರೆಯೋನ ಯಡವಟ್ಟಿಂದಾನೇ ಸಿಕ್ತು ಅನ್ನಿ.

ಯೂನಿಟ್ ಸರಿ ಮಾಡಿದ್ವಿ. 0.0001, ಮೈನಸ್. ರನ್. ಈ ಸಲ ನೆಲದೊಳಗೆ ಹೋಗ್ಲಿಲ್ಲ, ಆದ್ರೆ ಏಳೂವರೆ ನಿಮಿಷ ಮುಂಚೆ ಬರ್ತಿದ್ದದ್ದು ಹದಿನೈದು ನಿಮಿಷ ಮುಂಚೆ ಬಂತು. ಒಂದು ವಾರ ತಲೆ ಕೆಟ್ಟೋಯ್ತು ನೋಡ್ರಿ. ಗುರುತ್ವ ಮಾಡೆಲ್ ಬದಲಾಯಿಸಿದ್ವಿ, ವಾತಾವರಣದ ಡ್ರ್ಯಾಗ್ ತೆಗೆದ್ವಿ, ಹಾಕಿದ್ವಿ, ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದ್ವಿ. ನಮ್ಮಪ್ಪಾಜಿ ಹೇಳಿದ ಬಸ್ಸಿನ ಬುದ್ಧಿ ಕೈಕೊಟ್ಟಿದ್ದೇ ಅಲ್ಲಿ. ಬಸ್ಸು ಒಂದೇ ರೋಡಲ್ಲಿ ಓಡುತ್ತೆ, ಬ್ರೇಕ್ ಹಾಕಿದ್ರೆ ಲೇಟ್ ಆಗುತ್ತೆ. ಆರ್ಬಿಟರ್‌ಗೆ ಬ್ರೇಕ್ ಹಾಕಿದ್ರೆ ಅದು ರೋಡನ್ನೇ ಬದಲಾಯಿಸ್ಕೊಂತತಿ. ಕೆಳಗಿನ ಕಕ್ಷೆಗೆ ಇಳಿಯುತ್ತೆ, ಆ ದಾರಿ ಸಣ್ಣದು, ಮಂಗಳಕ್ಕೆ ಹತ್ರ ಇರೋದ್ರಿಂದ ಓಟನೂ ಜೋರು, ಹಂಗಾಗಿ ಸುತ್ತು ಬೇಗ ಮುಗಿದು ಮುಂಚೆ ಬಂದುಬಿಡುತ್ತೆ. ಲೇಟ್ ಆಗ್ಬೇಕಂದ್ರೆ ಹಿಂದಿನಿಂದ ಮುಂದಕ್ಕೆ ತಳ್ಳಬೇಕು. ಪುಸ್ತಕದಲ್ಲಿ ಇದನ್ನ ಓದಿದ್ವಿ, ಪರೀಕ್ಷೆಯಲ್ಲಿ ಬರೆದೂ ಇದ್ವಿ, ಆದ್ರೆ ಕೈ ಹೋಗೋದು ಮೈನಸ್‌ಗೇ. ಅಪ್ಪಾಜಿಗೆ ಹೇಳಿದ್ರೆ ನಂಬಲೇ ಇಲ್ಲ. "ಲೇಟಾಗೋಕೆ ಆಕ್ಸಿಲೇಟರ್ ಒತ್ತೋ ಗಾಡಿ ನಾನೆಲ್ಲೂ ನೋಡಿಲ್ಲ ಬಿಡವ್ವಾ" ಅಂದು ಕೈ ತೊಳೆಯೋಕೆ ಎದ್ದೋದ್ರು. ಹರಿಹರದೋನು ಲ್ಯಾಪ್‌ಟಾಪ್ ಮೇಲೆ ‘ಲೇಟ್ ಬೇಕಾ? ಮುಂದಕ್ಕೆ ಒತ್ತು’ ಅಂತ ಚೀಟಿ ಅಂಟಿಸ್ದ.

ಪ್ಲಸ್ ಹಾಕಿದ್ವಿ, ಸರಿಯಾಗಿ 19:52:59ಕ್ಕೆ ತಲೆ ಮೇಲೆ ಬಂತು. ಆವತ್ತಿನ ಖುಷಿ ಹೇಳೋಕಾಗಲ್ಲ, ರಾತ್ರಿ ಹತ್ತು ಗಂಟೆಲಿ ಮಿರ್ಚಿ ಹುಡುಕ್ಕೊಂಡು ಜಯದೇವ ಸರ್ಕಲ್ ತನಕ ನಡ್ಕೊಂಡು ಹೋಗಿದ್ವಿ.

ಆ ಹೊತ್ತಿಗೆ ಓದಿದ್ದರಲ್ಲಿ ನಂಗೆ ತುಂಬಾ ಹಿಡಿಸಿದ್ದು 2012ರ ಒಡಿಸ್ಸಿ ಕಥೆ. ಕ್ಯೂರಿಯಾಸಿಟಿ ಇಳಿಯೋದನ್ನ ಲೈವ್ ಆಗಿ ದಾಟಿಸಬೇಕಾಗಿದ್ದ ಆರ್ಬಿಟರ್ ಅದು, 2001ರಿಂದ ಮಂಗಳದಲ್ಲಿರೋ ಮುದುಕಪ್ಪ. ಇಳಿಯೋಕೆ ಇನ್ನೊಂದು ತಿಂಗಳೂ ಇಲ್ಲ ಅನ್ನೋವಾಗ ತೊಂದ್ರೆ ಆದಾಗ ಕೆಲಸ ನಿಲ್ಲಿಸಿ ಕೂರೋ ಸೇಫ್ ಮೋಡಿಗೆ ಹೋಗಿ ಟೈಮಿಂಗ್ ತಪ್ಪಿಬಿಡ್ತು, ಹಂಗೇ ಬಿಟ್ರೆ ರೋವರ್ ಇಳಿದು ಎರಡು ನಿಮಿಷ ಆದ್ಮೇಲೆ ಅಲ್ಲಿಗೆ ಬರ್ತಿತ್ತು. ಜುಲೈ 24ಕ್ಕೆ ಆರು ಸೆಕೆಂಡ್ ಥ್ರಸ್ಟರ್ ಉರಿಸಿದ್ರು. ಆರು ಸೆಕೆಂಡು! ಎರಡು ವಾರದೊಳಗೆ ಆರು ನಿಮಿಷ ಮುಂದೆ ಬಂತು, ಆಗಸ್ಟ್ 6ಕ್ಕೆ ಕ್ಯೂರಿಯಾಸಿಟಿ ಇಳಿದ ಸುದ್ದಿ ಭೂಮಿಗೆ ತಲುಪಿಸಿದ್ದು ಅದೇ. ನಮ್ಮ ತರ ಅರವತ್ತು ದಿನ ಮುಂಚೆ ಒಂದ್ಸಲ ತಳ್ಳಿ ಕೈಕಟ್ಟಿ ಕೂರೋಕೆ ನಿಜವಾದೋರಿಗೆ ಆಗಲ್ಲ ಅನ್ನೋದೂ ಇದ್ರಿಂದ ಗೊತ್ತಾಯ್ತು, ಮೇಲಿನ ಗಾಳಿ ಧೂಳಿನ ಸೀಸನ್ನಿಗೆ ಒಂದು ತರ ದಪ್ಪ ಆಗುತ್ತೆ, ಆರ್ಬಿಟರ್‌ಗೆ ಹುಷಾರು ತಪ್ಪುತ್ತೆ, ಮತ್ತೆ ಮತ್ತೆ ಅಳೆದು ಸಣ್ಣಸಣ್ಣದಾಗಿ ತಿದ್ದಿಕೊಳ್ತಾನೇ ಇರ್ಬೇಕು.

ರಿಪೋರ್ಟ್ ಬರೆದ್ವಿ, ಬೈಂಡಿಂಗಿಗೆ ಇನ್ನೂ ಕೊಟ್ಟಿರ್ಲಿಲ್ಲ, ಅದೊಂದು ಪುಣ್ಯ. ಕೊನೇ ರಿವ್ಯೂಗೆ ನಮ್ಮ ಡಿಪಾರ್ಟ್‌ಮೆಂಟಿನೋರ ಜೊತೆ ಫಿಸಿಕ್ಸ್ ಸರ್ ಒಬ್ರು ಬಂದು ಹಿಂದಿನ ಬೆಂಚಲ್ಲಿ ಕೂತಿದ್ರು, ಕಣ್ಣು ಮುಚ್ಕೊಂಡಿದ್ರು, ನಿದ್ದೆ ಮಾಡ್ತಿದಾರೆ ಅಂದ್ಕೊಂಡಿದ್ವಿ. ನಾನು ಮುಗಿಸ್ತಿದ್ದಂಗೆ "ಒಂದು ಸ್ಲೈಡ್ ಹಿಂದೆ ಹೋಗವ್ವಾ" ಅಂದ್ರು. ಹೋದೆ.

"ಈ 19:52:59 ಯಾರ ವಾಚಿನ ಟೈಮು?"

"ಯುಟಿಸಿ ಸರ್."

"ಯುಟಿಸಿ ಅಂತ ಬರ್ದೀಯಲ್ಲ, ಕಾಣ್ತತಿ. ಯಾರು ನೋಡ್ದಾಗಿನ ಟೈಮು ಅಂತ ಕೇಳ್ದೆ."

ನಂಗೆ ಇನ್ನೂ ಹೊಳೆದಿರ್ಲಿಲ್ಲ, ಹರಿಹರದೋನ ಮುಖ ನೋಡ್ದೆ, ಅವನು ಆಗ್ಲೇ ಬೆಳ್ಳಗಾಗಿದ್ದ. ನಾವು ತಗೊಂಡಿದ್ದು ಇನ್‌ಸೈಟ್ ಇಳಿದ ಸಿಗ್ನಲ್ಲು ಭೂಮಿಗೆ ಬಂದು ಮುಟ್ಟಿದ ಟೈಮು. ಆವತ್ತು ಮಂಗಳ 14.6 ಕೋಟಿ ಕಿಲೋಮೀಟರ್ ದೂರ ಇತ್ತು, ಬೆಳಕಿಗೇ 8 ನಿಮಿಷ 7 ಸೆಕೆಂಡ್ ಬೇಕು. ಇನ್‌ಸೈಟ್ ನಿಜವಾಗಿ ನೆಲ ಮುಟ್ಟಿದ್ದು 19:44:52ಕ್ಕೆ. ನಾವು ಅರವತ್ತು ದಿನ ಪಾಡುಪಟ್ಟು ನಮ್ಮ ಆರ್ಬಿಟರ್‌ನ ಎಲ್ಲಾ ಮುಗಿದು ಎಂಟು ನಿಮಿಷ ಆದ್ಮೇಲೆ ಕರೆಸಿದ್ವಿ, ಮದುವೆ ಊಟ ಮುಗಿದು ಎಲೆ ಎತ್ತಿದ್ಮೇಲೆ ಬಂದಂಗೆ.

ಅದಕ್ಕಿಂತ ದೊಡ್ಡ ಮರ್ಯಾದೆ ಹೋಗಿದ್ದು ಹಾಸ್ಟೆಲ್ಲಿಗೆ ಹೋಗಿ ಹಳೇ ಫೈಲ್ ತೆಗೆದಾಗ. ಮೊಟ್ಟಮೊದಲ ರನ್, ಏನೂ ಮುಟ್ಟದೇ ಸುಮ್ನೆ ಬಿಟ್ಟಾಗ, ಆರ್ಬಿಟರ್ ದಾಟಿದ್ದು 19:45:23ಕ್ಕೆ. ನಿಜವಾದ ಟೈಮಿಗೂ ಅದಕ್ಕೂ 31 ಸೆಕೆಂಡ್ ವ್ಯತ್ಯಾಸ. ನಾವು ಏನೂ ಮಾಡದೇ ಇದ್ದಿದ್ರೆ ಹೆಚ್ಚುಕಮ್ಮಿ ಸರಿಯಾಗಿ ತಲೆ ಮೇಲೇ ಇರ್ತಿತ್ತು. ಚಳ್ಳಕೆರೆಯೋಳು ಐದು ನಿಮಿಷ ಮಾತೇ ಆಡ್ಲಿಲ್ಲ, ಆಮೇಲೆ ಬಿದ್ದುಬಿದ್ದು ನಗೋಕೆ ಶುರು ಮಾಡಿದ್ಳು, ನಂಗೆ ಅಳು ಬರ್ತಿತ್ತು.

ಹತ್ತು ದಿನ ಇತ್ತು. ಪ್ರಾಜೆಕ್ಟೇ ಬೇಡವಾಯ್ತಲ್ಲ ಅಂತ ಕೂತಾಗ ಹೊಳಲ್ಕೆರೆಯೋನೇ ದಾರಿ ತೆಗೆದ, ನೆಲದೊಳಗೆ ಸ್ಯಾಟಲೈಟ್ ಓಡಿಸಿದೋನು. "ಇಳಿದ ಕ್ಷಣಕ್ಕೆ ಯಾಕ್ರೋ ತಲೆ ಮೇಲೆ ಇರ್ಬೇಕು? ಗಾಳಿಗೆ ಹೊಕ್ಕಾಗ್ಲಿಂದ ಇಳಿಯೋ ತನಕ ಆರೂವರೆ ನಿಮಿಷ ಐತಿ, ಅದ್ರ ನಡುಮಧ್ಯ ಇರ್ಬೇಕು." ಹೌದಲ್ಲ. ಸುಮ್ನೆ ಬಿಟ್ರೆ ಇಳಿದಿದ್ದು ಕಾಣುತ್ತೆ, ಆದ್ರೆ ಗಾಳಿಗೆ ಹೊಗೋ ಶುರುವಿನಲ್ಲಿ ಆರ್ಬಿಟರ್ ಇನ್ನೂ ದಿಗಂತದಲ್ಲೇ ಇರುತ್ತೆ. ಇಳಿಯೋಕೆ 3 ನಿಮಿಷ ಮುಂಚೆ, 19:41:52ಕ್ಕೆ ತಲೆ ಮೇಲೆ ತರ್ಬೇಕು ಅಂತ ಇಟ್ಕೊಂಡ್ವಿ, ಅಂದ್ರೆ ಮೂರೂವರೆ ನಿಮಿಷ ಬೇಗ ಬರ್ಬೇಕು. ಬೇಗ ಬರ್ಬೇಕಂದ್ರೆ ಬ್ರೇಕು. ಸೆಕೆಂಡಿಗೆ 4.6 ಸೆಂಟಿಮೀಟರ್, ಮೈನಸ್, ಕಕ್ಷೆ ನೂರು ಮೀಟರ್ ಕೆಳಗೆ. ಹರಿಹರದೋನು ಚೀಟಿ ಕೆಳಗೆ ‘ಬೇಗ ಬೇಕಾ? ಬ್ರೇಕ್ ಹಾಕು’ ಅಂತ ಸೇರಿಸ್ದ. ರನ್ ಮಾಡಿದ್ವಿ, ಹತ್ತು ಡಿಗ್ರಿ ಮೇಲೆ 19:37ಕ್ಕೆ ಕಾಣಿಸ್ಕೊಂಡು 19:46ಕ್ಕೆ ಮುಳುಗ್ತು, ಒಳಗೆ ಹೊಕ್ಕಿದ್ದು, ಪ್ಯಾರಾಚೂಟ್ ಬಿಚ್ಚಿದ್ದು, ನೆಲ ಮುಟ್ಟಿದ್ದು, ಎಲ್ಲಾ ಅದ್ರ ಕಣ್ಣಮುಂದೆ. ಹಳೇ ತಪ್ಪನ್ನ ಮುಚ್ಚಿಡೋಣ ಅಂತ ಇಬ್ರು, ಬರೆಯೋಣ ಅಂತ ಇಬ್ರು, ಕೊನೆಗೆ ಮೇಡಂ "ಬರೀರಿ, ಅದೇ ನಿಮ್ಮ ಪ್ರಾಜೆಕ್ಟಲ್ಲಿ ಓದೋಕೆ ಚೆನ್ನಾಗಿರೋದು" ಅಂದ್ರು. ಒಂದು ಪೂರ್ತಿ ಚಾಪ್ಟರ್ ಆಯ್ತು.

ಫೈನಲ್ ವೈವಾ 2024ರ ಮೇ. ಹಾರ್ಡ್‌ವೇರ್ ಅಂತ ಥರ್ಮೋಕೋಲ್ ಚೆಂಡಿಗೆ ಕೆಂಪು ಬಣ್ಣ ಬಳಿದು ಸುತ್ತ ತಂತಿ ಬಗ್ಗಿಸಿ ಒಂದು ಎಲ್‌ಇಡಿ ಸಿಕ್ಕಿಸ್ಕೊಂಡು ಹೋಗಿದ್ವಿ. ಎಕ್ಸ್‌ಟರ್ನಲ್ ಅದನ್ನ ಒಂದ್ಸಲ ತಿರುಗಿಸಿ ನೋಡಿ ಪಕ್ಕಕ್ಕಿಟ್ರು. ಬ್ರೇಕ್ ಹಾಕಿದ್ರೆ ಬೇಗ ಹೆಂಗೆ ಬರುತ್ತೆ ಅಂತ ಕೇಳಿದ್ರು. ಹೊಳಲ್ಕೆರೆಯೋನು ಹೈಸ್ಕೂಲ್ ಫೀಲ್ಡಿನ ಓಟದ ಟ್ರ್ಯಾಕ್ ಬೋರ್ಡ್ ಮೇಲೆ ಬರೆದು, ಹೊರಗಿನ ಲೇನಲ್ಲಿ ಓಡೋನು ಒಳಗಿನ ಲೇನಿಗೆ ಜಾರಿಬಿಟ್ರೆ ಸರ್ ಅಂತ ಶುರು ಮಾಡಿ, ಒಳಗಿನ ಲೇನಲ್ಲಿ ಸ್ಪೀಡೂ ಯಾಕೆ ಜಾಸ್ತಿ ಅನ್ನೋದನ್ನೂ ಹೇಳಿ ಮುಗಿಸ್ದ. ಅವ್ರು ಎಂಟು ನಿಮಿಷದ ಚಾಪ್ಟರನ್ನ ಅಲ್ಲೇ ಕೂತು ಪೂರ್ತಿ ಓದಿದ್ರು, ಒಂದು ಕಡೆ ಮಾತ್ರ ಸಣ್ಣಗೆ ನಕ್ರು, ಯಾವ ಸಾಲಿಗೆ ಅಂತ ಕಾಣ್ಲಿಲ್ಲ. ಮಾರ್ಕ್ಸ್ ಶೀಟ್ ಮೇಲೆ ಏನೋ ಬರೆದು, ಮಡಚಿ, ಬಾಗಿಲ ಕಡೆ ನೋಡಿ ಕೂಗಿದ್ರು, "ಮುಂದೆ ಯಾರು, ಡಸ್ಟ್‌ಬಿನ್ನಾ? ಬರ್ರಿ ಒಳಗೆ."